ರೋಗಿಯ ದಾಖಲೆ, ಗಣಕಯಂತ್ರ ಮತ್ತು ನಮ್ಮ ಸಂಘದ ಹೊಣೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಕೆಂಚಾರ್ಲಹಳ್ಳಿಯಲ್ಲಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಮಾರಂಭದಲ್ಲಿ ನಾಲ್ಕು ಮಾತು ಆಡಬೇಕೆಂದು ಆಡಳಿತ ಮಂಡಳಿಯವರು ನಮ್ಮನ್ನು ಕೇಳಿದಾಗ, ವಿಷಯ ಏನು ಎಂದು ವಿಚಾರಿಸಿದೆವು. "ಈಗ ಆಸ್ಪತ್ರೆಗಳಲ್ಲಿ ಎಲ್ಲಾ ಕಂಪ್ಯೂಟರ್ ಆಗಿದೆ, ಮೊಬೈಲಿನಲ್ಲೇ ಆಗ್ತದೆ ಅಂತಾರೆ. ನಮ್ಮ ಜನಕ್ಕೆ ಅದರಿಂದ ಏನು ಅನುಕೂಲ, ಏನು ಅಪಾಯ, ಅರ್ಥ ಆಗೋ ಹಾಗೆ ಹೇಳಿಬಿಡಿ" ಎಂದರು. ಈ ವಿಷಯದಲ್ಲಿ ನಾವು ದೊಡ್ಡ ಪಂಡಿತರಲ್ಲ. ಆದರೆ ಮನೆಯಲ್ಲಿ ಪೆಟ್ಟು ತಿಂದವರು. ಪೆಟ್ಟು ತಿಂದವನಿಗೆ ವಿಷಯ ಬೇಗ ಅರ್ಥವಾಗುತ್ತದೆ ಎನ್ನುವ ಧೈರ್ಯದಿಂದ ಒಪ್ಪಿಕೊಂಡೆವು.

ಮೊದಲಿಗೆ ತಮ್ಮನ್ನೆಲ್ಲಾ ಒಂದು ಪ್ರಶ್ನೆ ಕೇಳುತ್ತೇವೆ. ನಿಮ್ಮ ಕೊಟ್ಟಿಗೆಯಲ್ಲಿರುವ ಹಸು ಎಷ್ಟನೇ ಸೂಲು? ಯಾವ ತಿಂಗಳು ಕೃತಕ ಗರ್ಭಧಾರಣೆ ಮಾಡಿಸಿದ್ದು? ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಹಾಕಿಸಿದ್ದು? ಒಬ್ಬರೂ ತಡಬಡಿಸದೆ ಹೇಳುತ್ತೀರಿ. ಅದರ ಕಿವಿಯಲ್ಲಿ ಹಳದಿ ಬಿಲ್ಲೆ ಇದೆ, ಬಿಲ್ಲೆಯ ಮೇಲೆ 12 ಅಂಕಿಯ ಸಂಖ್ಯೆ ಇದೆ. ಆ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿದರೆ ಪಶುವೈದ್ಯರಿಗೆ ಹಸುವಿನ ಪೂರ್ವಾಪರ ಸಿಗುತ್ತದೆ. ಸರಿ, ಈಗ ಇನ್ನೊಂದು ಪ್ರಶ್ನೆ. ನಿಮ್ಮ ಮನೆಯಲ್ಲಿರುವ ತಾಯಿಯವರು ದಿನಾ ರಾತ್ರಿ ನುಂಗುವ ಮಾತ್ರೆಯ ಹೆಸರೇನು? ಅವರಿಗೆ ಯಾವ ಔಷಧಿ ಆಗಿಬರುವುದಿಲ್ಲ? ಕೊನೆಯ ಸಲ ರಕ್ತಪರೀಕ್ಷೆ ಮಾಡಿಸಿದಾಗ ಏನು ಬಂತು?

ನೋಡಿ, ಸಭೆ ಸುಮ್ಮನಾಯಿತು. ನಾವೂ ಹೀಗೇ ಸುಮ್ಮನೆ ನಿಂತವರೇ. "ಬಿಳೀ ಮಾತ್ರೆ ಸಾರ್, ಊಟ ಆದ ಮೇಲೆ ಒಂದು" ಎನ್ನುವುದಷ್ಟೇ ನಮ್ಮಲ್ಲಿ ಬಹುಪಾಲು ಜನ ಹೇಳಬಲ್ಲ ಉತ್ತರ. ಮೆಡಿಕಲ್ ಶಾಪಿನ ಕಪಾಟಿನಲ್ಲಿ ಬಿಳೀ ಮಾತ್ರೆಗಳು ಸಾವಿರ ಇವೆ.

ಪೆಟ್ಟು ತಿಂದವರು ಎಂದೆವಲ್ಲ, ಆ ಸಂಗತಿ ಹೇಳಿಬಿಡುತ್ತೇವೆ. ನಮ್ಮ ಸೋದರತ್ತೆಯವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಒಮ್ಮೆ ಕಾಲು ಮುಖ ಊದಿಕೊಂಡು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರು ದಿನ ಇದ್ದು ಬಂದರು. ಬರುವಾಗ ಡಿಸ್ಚಾರ್ಜ್ ಕಾರ್ಡು, ರಕ್ತಪರೀಕ್ಷೆ, ಸ್ಕ್ಯಾನಿಂಗು ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ನಾವು ಅದನ್ನು ಜೋಪಾನವಾಗಿ, ಬಹಳ ಜೋಪಾನವಾಗಿ, ಟ್ರಂಕಿನ ತಳದಲ್ಲಿ ಪಹಣಿ ಪತ್ರಗಳ ಜೊತೆ ಇಟ್ಟೆವು. ಎರಡು ವರ್ಷದ ನಂತರ ಅತ್ತೆಗೆ ಮಂಡಿನೋವು ಬಂತು. ಪಟ್ಟಣದಲ್ಲಿ ಬೇರೆ ವೈದ್ಯರಿಗೆ ತೋರಿಸಿದೆವು. "ಬೇರೆ ಏನಾದರೂ ಕಾಯಿಲೆ ಇದೆಯಾ ಅಮ್ಮಾ?" ಎಂದು ಅವರು ಕೇಳಿದರು. "ಸಕ್ಕರೆ ಕಾಯಿಲೆ ಐತೆ ಸ್ವಾಮಿ" ಎಂದರು ಅತ್ತೆ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ನೋವಿನ ಮಾತ್ರೆ ಬರೆದುಕೊಟ್ಟರು. ನೋವು ಕಡಿಮೆಯಾಯಿತು. ಆಮೇಲೆ ಅದೇ ಹಳೇ ಚೀಟಿ ತೋರಿಸಿ ಎಂಟು ತಿಂಗಳು ಅದೇ ಮಾತ್ರೆ ತಂದುಕೊಟ್ಟವರು ನಾವೇ.

ಮತ್ತೆ ಊತ ಬಂತು, ವಾಂತಿ ಬಂತು. ಮೂತ್ರಪಿಂಡ, ಅಂದರೆ ಕಿಡ್ನಿ, ಕೆಲಸ ನಿಲ್ಲಿಸುವ ಹಂತಕ್ಕೆ ಬಂದಿದೆ ಎಂದರು. ಹಳೇ ಕಾಗದ ತನ್ನಿ ಎಂದಾಗ ಟ್ರಂಕು ತೆಗೆದೆವು. ಡಿಸ್ಚಾರ್ಜ್ ಕಾರ್ಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಕಿಡ್ನಿ ದುರ್ಬಲವಾಗಿದೆ, ನೋವಿನ ಮಾತ್ರೆಗಳನ್ನು ಕೊಡಬಾರದು ಎಂಬುದೇ ಆ ಸಾಲು. ಎರಡು ವರ್ಷ ಎಂಟು ತಿಂಗಳು ಅದು ನಮ್ಮ ಮನೆಯಲ್ಲೇ ಇತ್ತು. ಆ ಮೇಲೆ ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಂದೂವರೆ ವರ್ಷ ಬಸ್ಸಿನಲ್ಲಿ ಓಡಾಡಿ, ದಣಿದು, ಹೋಗಿಬಿಟ್ಟರು. ಮೊದಲೇ ದುರ್ಬಲವಾಗಿದ್ದ ಕಿಡ್ನಿ, ಆ ಮಾತ್ರೆ ಇಲ್ಲದಿದ್ದರೆ ಎಷ್ಟು ದಿನ ನಡೆಯುತ್ತಿತ್ತೋ ದೇವರಿಗೆ ಗೊತ್ತು. ಆದರೆ ಬರೆದಿಟ್ಟ ಎಚ್ಚರಿಕೆ ಬರೆಯುವ ಕೈಗೆ ತಲುಪಲಿಲ್ಲ ಅನ್ನುವುದು ಮಾತ್ರ ನಿಜ. ಮೊದಲ ಆಸ್ಪತ್ರೆಯವರು ಬರೆದಿದ್ದರು, ಎರಡನೆಯ ವೈದ್ಯರು ಕೇಳಿದ್ದರು. ನಡುವೆ ಇದ್ದವರು ನಾವು.

ಇಂದಿನ ಉಪನ್ಯಾಸದ ಸಾರವೆಲ್ಲಾ ಇಷ್ಟೇ. ಒಬ್ಬ ವೈದ್ಯರು ಬರೆದ ಮಾತು ಇನ್ನೊಬ್ಬ ವೈದ್ಯರ ಕಣ್ಣಿಗೆ, ಬೇಕಾದ ಹೊತ್ತಿಗೆ, ಬೀಳಬೇಕು. ಕಂಪ್ಯೂಟರು, ಮೊಬೈಲು, ಕಾರ್ಡು ಎಲ್ಲವೂ ಇದಕ್ಕೆ ಸಾಧನಗಳು. ಆ ಕೆಲಸ ಆದರೆ ಅವು ಸಾರ್ಥಕ, ಆಗದಿದ್ದರೆ ಅವೂ ನಮ್ಮ ಟ್ರಂಕಿನ ಹಾಗೆಯೇ.

ಹಾಗಾದರೆ ಈ ವಿದ್ಯುನ್ಮಾನ ಆರೋಗ್ಯ ದಾಖಲೆ ಎಂದರೆ ಏನು? ನಮ್ಮ ಸಂಘದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೊದಲೆಲ್ಲಾ ಹಾಲಿನ ಲೆಕ್ಕ ಪುಸ್ತಕದಲ್ಲಿ ಬರೆಯುತ್ತಿದ್ದರು. ಲೀಟರು, ಡಿಗ್ರಿ, ಫ್ಯಾಟು, ಎಲ್ಲವೂ ಕೈಬರಹ. ಈಗ ತೂಕದ ಯಂತ್ರ, ಪರೀಕ್ಷೆಯ ಯಂತ್ರ, ಕಂಪ್ಯೂಟರು ಜೋಡಿಸಿಕೊಂಡು ಚೀಟಿ ತಾನಾಗಿಯೇ ಬರುತ್ತದೆ. ಯಾವ ಸದಸ್ಯರು ಯಾವ ದಿನ ಎಷ್ಟು ಹಾಕಿದರು ಎನ್ನುವುದು ಸದಸ್ಯ ಸಂಖ್ಯೆಯ ಕೆಳಗೆ ಸಾಲಾಗಿ ಕೂರುತ್ತದೆ. ಆಸ್ಪತ್ರೆಯಲ್ಲೂ ಅಷ್ಟೇ. ರೋಗಿಗೆ ಒಂದು ಸಂಖ್ಯೆ. ಆ ಸಂಖ್ಯೆಯ ಕೆಳಗೆ ಅವರ ಕಾಯಿಲೆ, ಕೊಟ್ಟ ಔಷಧಿ, ಆಗಿಬರದ ಔಷಧಿ, ರಕ್ತಪರೀಕ್ಷೆ, ಎಕ್ಸ್‌ರೇ, ಶಸ್ತ್ರಚಿಕಿತ್ಸೆ. ನಮ್ಮಲ್ಲಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ ಹೋಗಿ ಬಂದವರು ಇದ್ದಾರೆ. ಅಲ್ಲಿ ಒಮ್ಮೆ ಕೊಟ್ಟ ಸಂಖ್ಯೆಯನ್ನೇ ವರ್ಷಗಳ ನಂತರ ಹೋದಾಗಲೂ ಕೇಳುತ್ತಾರೆ, ಅದನ್ನು ಹೇಳಿದರೆ ಹಳೆಯದು ಸಿಗುತ್ತದೆ.

ಆದರೆ ಒಂದು ಆಸ್ಪತ್ರೆಯ ಸಂಖ್ಯೆ ಇನ್ನೊಂದು ಆಸ್ಪತ್ರೆಗೆ ನಡೆಯುವುದಿಲ್ಲ. ನಾವೋ ಒಂದು ಕಡೆ ನಿಲ್ಲುವವರಲ್ಲ. ಜ್ವರಕ್ಕೆ ಇಲ್ಲಿ, ಹೆರಿಗೆಗೆ ಚಿಂತಾಮಣಿ, ಹೃದಯಕ್ಕೆ ಬೆಂಗಳೂರು, ಮತ್ತೊಂದಕ್ಕೆ ಕೋಲಾರ, ವೆಲ್ಲೂರು. ಈ ಎಲ್ಲಾ ಕಡೆಯ ಕಾಗದಗಳನ್ನು ಒಂದು ದಾರದಲ್ಲಿ ಪೋಣಿಸಬೇಕು ಎನ್ನುವ ಉದ್ದೇಶದಿಂದ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಕಾರ್ಯಕ್ರಮವನ್ನು ದೇಶಾದ್ಯಂತ ಆರಂಭಿಸಿತು. ಅದರಲ್ಲಿ ಕೊಡುವ 14 ಅಂಕಿಯ ಸಂಖ್ಯೆಯೇ 'ಆಭಾ' ಸಂಖ್ಯೆ.

ಇಲ್ಲಿ ನಮ್ಮ ಜನರಲ್ಲಿ ದೊಡ್ಡ ಗೊಂದಲ ಇದೆ. ದಯವಿಟ್ಟು ಗಮನ ಕೊಟ್ಟು ಕೇಳಬೇಕು. ಜೇಬಿನಲ್ಲಿ ಮೂರು ಕಾರ್ಡು ಇರಬಹುದು, ಮೂರೂ ಬೇರೆ ಬೇರೆ. ಆಯುಷ್ಮಾನ್ ಕಾರ್ಡು ಚಿಕಿತ್ಸೆಯ ಖರ್ಚಿಗೆ ಸಂಬಂಧಿಸಿದ್ದು. ಯಶಸ್ವಿನಿ ಕಾರ್ಡು ಸಹಕಾರ ಸಂಘದ ಸದಸ್ಯರ ಚಿಕಿತ್ಸೆಯ ಖರ್ಚಿಗೆ ಸಂಬಂಧಿಸಿದ್ದು. ಆಭಾ ಕಾರ್ಡಿನಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದು ದಾಖಲೆಗೆ ಮಾತ್ರ. ಆಭಾ ಕಾರ್ಡು ಹಿಡಿದುಕೊಂಡು ಹೋಗಿ "ನಮಗೆ ಆಪರೇಷನ್ ಫ್ರೀ" ಎಂದು ಕೌಂಟರಿನಲ್ಲಿ ಜಗಳ ಆಡಿ ಬಂದವರನ್ನು ನಾವು ಕಂಡಿದ್ದೇವೆ. ಪಾಪ, ಅವರ ತಪ್ಪಲ್ಲ, ಹೇಳಿಕೊಟ್ಟವರಿಲ್ಲ.

ಆಭಾ ಕಡ್ಡಾಯವಲ್ಲ, ಇಷ್ಟ ಇದ್ದವರು ಮಾಡಿಸಿಕೊಳ್ಳುವುದು. ನಮ್ಮ ದಾಖಲೆಗಳೆಲ್ಲಾ ದೆಹಲಿಯಲ್ಲಿ ಒಂದು ದೊಡ್ಡ ಉಗ್ರಾಣದಲ್ಲಿ ರಾಶಿ ಬೀಳುತ್ತವೆ ಎಂದೂ ತಿಳಿಯಬಾರದು. ಯಾವ ಆಸ್ಪತ್ರೆ ಬರೆಯಿತೋ ಆ ದಾಖಲೆ ಆ ಆಸ್ಪತ್ರೆಯ ಕಡೆಯಲ್ಲೇ ಇರುತ್ತದೆ. ಬೇರೆ ವೈದ್ಯರು ನೋಡಬೇಕಾದರೆ ನಮ್ಮ ಮೊಬೈಲಿಗೆ ಒಪ್ಪಿಗೆ ಕೇಳಿ ಬರುತ್ತದೆ. ಯಾವ ಕಾಗದ, ಎಷ್ಟು ದಿನದ ಮಟ್ಟಿಗೆ ಎಂದು ನಾವು ಒಪ್ಪಿದರೆ ಮಾತ್ರ ತೋರಿಸಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂ ಬಹುದು. ಆದರೆ ಇದೆಲ್ಲಾ ನಡೆಯಬೇಕಾದರೆ ನಾವು ಹೋದ ಆಸ್ಪತ್ರೆ, ಲ್ಯಾಬು ಈ ವ್ಯವಸ್ಥೆಗೆ ಸೇರಿರಬೇಕು, ನಮ್ಮ ಸಂಖ್ಯೆಯನ್ನು ಅವರ ದಾಖಲೆಗೆ ಜೋಡಿಸಿರಬೇಕು. ಸಂಖ್ಯೆ ಮಾಡಿಸಿಕೊಂಡ ಮಾತ್ರಕ್ಕೆ ಹಳೇ ಕಾಗದಗಳು ತಾವಾಗಿಯೇ ನಡೆದುಕೊಂಡು ಬಂದು ಅದರಲ್ಲಿ ಕೂರುವುದಿಲ್ಲ. ಸಂಘದಲ್ಲಿ ಸದಸ್ಯತ್ವ ಪಡೆದ ಮಾತ್ರಕ್ಕೆ ಹಾಲಿನ ಬಟವಾಡೆ ಬರ್ತದಾ? ಹಾಲು ಹಾಕಬೇಕಲ್ಲ, ಹಾಗೆ.

ಹಳ್ಳಿಯವರಿಗೆ ಇದೆಲ್ಲಾ ಆಗಿಬರುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ದಾಖಲೆ ಎಂಬುದು ನಮ್ಮ ತಾಯಂದಿರಿಗೆ ಹೊಸದೇನಲ್ಲ. ತಾಯಿ ಕಾರ್ಡು ಯಾರ ಮನೆಯಲ್ಲಿ ಇಲ್ಲ ಹೇಳಿ? ಬಸುರಿಯ ತೂಕ, ರಕ್ತದೊತ್ತಡ, ರಕ್ತದ ಅಂಶ, ಹೆರಿಗೆ, ಮಗುವಿನ ಲಸಿಕೆ, ಎಲ್ಲವೂ ಅದರಲ್ಲಿದೆ. ಅದನ್ನು ಆಕೆಯೇ ಇಟ್ಟುಕೊಂಡಿರುತ್ತಾಳೆ, ಎಲ್ಲಿಗೆ ಹೋದರೂ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾಳೆ. ತವರಿಗೆ ಹೆರಿಗೆಗೆ ಹೋದರೂ ಅಲ್ಲಿನ ನರ್ಸಮ್ಮ ಅದನ್ನು ನೋಡಿಯೇ ಮುಂದಿನ ಮಾತಾಡುವುದು. ಆ ಕಾರ್ಡನ್ನು ಜೋಪಾನ ಮಾಡುವ ನಾವು, ಅದೇ ತಾಯಿಗೆ 60 ವರ್ಷ ಆದಾಗ ಅವಳ ಸಕ್ಕರೆ ಕಾಯಿಲೆಯ ಚೀಟಿಯನ್ನು ಎಲ್ಲೋ ಬಿಸಾಡುತ್ತೇವೆ. ಕೋವಿಡ್ ಲಸಿಕೆಯ ಕಾಲದಲ್ಲಿ, 2021ರಲ್ಲಿ, ಕೋವಿನ್ ಎಂಬ ವ್ಯವಸ್ಥೆಯಲ್ಲಿ ನಮ್ಮೆಲ್ಲರ ಹೆಸರೂ ಸೇರಿತು. ಮೊದಲ ಡೋಸು ಇಲ್ಲಿ, ಎರಡನೆಯದು ಬೆಂಗಳೂರಿನಲ್ಲಿ ಹಾಕಿಸಿಕೊಂಡವರಿಗೂ ಲೆಕ್ಕ ತಪ್ಪಲಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ.

ಸಹಕಾರ ಸಂಘಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯೂ ಬರಬಹುದು. ನಮ್ಮ ನಾಡಿನಲ್ಲಿ ಸಹಕಾರ ಚಳವಳಿ ಶುರುವಾದದ್ದು 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಂದು ರೈತನನ್ನು ಕಾಡುತ್ತಿದ್ದದ್ದು ಸಾಲ. ಇಂದು ಆ ಸಾಲದ ಒಂದು ದೊಡ್ಡ ಬಾಗಿಲು ಆಸ್ಪತ್ರೆ. ಇದನ್ನು ಅರಿತೇ ಕರ್ನಾಟಕ ಸರ್ಕಾರ 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆಯನ್ನು ಜಾರಿಗೆ ತಂದಿತು. ಹೃದಯತಜ್ಞ ಡಾ. ದೇವಿಶೆಟ್ಟಿಯವರ ಕಲ್ಪನೆ, ಎಸ್.ಎಂ. ಕೃಷ್ಣ ಅವರ ಸರ್ಕಾರ. ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ ಒಬ್ಬರಿಗೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅಷ್ಟು ಜನರನ್ನು ಸೇರಿಸಿದವರು ಯಾರು? ದೊಡ್ಡ ವಿಮಾ ಕಂಪನಿಯವರಲ್ಲ, ಹಳ್ಳಿ ಹಳ್ಳಿಯ ಸಹಕಾರ ಸಂಘಗಳ ಕಾರ್ಯದರ್ಶಿಗಳು. 2018ರಲ್ಲಿ ಆ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು. ಸಹಕಾರಿಗಳ ಒತ್ತಾಯದ ಮೇಲೆ 2022ರ ನವೆಂಬರ್‌ನಲ್ಲಿ ಮತ್ತೆ ನೋಂದಣಿ ಶುರುವಾಗಿ 2023ರ ಜನವರಿಯಿಂದ ಚಿಕಿತ್ಸೆ ದೊರೆಯತೊಡಗಿತು. ಆಗ ಗ್ರಾಮೀಣ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿ ಸದಸ್ಯರಿಗೆ 100 ರೂಪಾಯಿ ಎಂದು ಗೊತ್ತುಮಾಡಿದರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ.

ಇದನ್ನೇಕೆ ಹೇಳಿದೆವು ಎಂದರೆ, ಸಂಘದ ಪಟ್ಟಿಯಲ್ಲಿ ಹೆಸರು ಸರಿಯಾಗಿದ್ದರೆ ಮಾತ್ರ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಹೆಸರು ಸಿಗುತ್ತದೆ. ನಮ್ಮ ಸೀಮೆಯಲ್ಲಿ ನಾರಾಯಣಸ್ವಾಮಿ ಅಂತ ಕೂಗಿದರೆ ಬೀದಿಗೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಆಧಾರಿನಲ್ಲಿ ಮುನಿವೆಂಕಟಮ್ಮ, ರೇಷನ್ ಕಾರ್ಡಿನಲ್ಲಿ ವೆಂಕಟಮ್ಮ, ಸಂಘದಲ್ಲಿ ಮುನೆಮ್ಮ. ಮನುಷ್ಯರು ಒಬ್ಬರೇ, ಕಂಪ್ಯೂಟರಿಗೆ ಮೂವರು. ಒಂದು ಅಕ್ಷರ ತಪ್ಪಾದರೆ ಆಪರೇಷನ್ ಮೇಜಿನ ಹತ್ತಿರ ಹೋದವರನ್ನು ವಾಪಸ್ ಕಳಿಸುವ ಪರಿಸ್ಥಿತಿ ಬರಬಹುದು. ಆದ್ದರಿಂದ ಆರೋಗ್ಯ ದಾಖಲೆಯ ಮೊದಲ ಸಾಲು ಬರೆಯುವುದು ಆಸ್ಪತ್ರೆಯಲ್ಲಲ್ಲ, ನಮ್ಮ ಸಂಘದ ಮೇಜಿನ ಮೇಲೆ.

ಇನ್ನು ಅನುಕೂಲಗಳ ವಿಷಯ. ರೋಗಿ ಇರುವಲ್ಲಿಗೆ ತಜ್ಞರು ಬರಲಾಗದಿದ್ದರೆ ರೋಗಿಯ ದಾಖಲೆಯನ್ನು ತಜ್ಞರ ಹತ್ತಿರ ಕಳಿಸಬಹುದು ಎನ್ನುವುದೇ ದೂರವೈದ್ಯ. ಗಡಿಯಾಚೆಗಿನ ಚಿತ್ತೂರು ಜಿಲ್ಲೆಯ ಅರಗೊಂಡ ಎಂಬ ಹಳ್ಳಿಯಲ್ಲಿ ಅಪೋಲೋ ಸಂಸ್ಥೆಯವರು 2000ದ ಮಾರ್ಚ್‌ನಲ್ಲೇ ಇದನ್ನು ಶುರು ಮಾಡಿದರು. ಆಗ ಭಾರತಕ್ಕೆ ಬಂದಿದ್ದ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರು ಅದಕ್ಕೆ ಚಾಲನೆ ಕೊಟ್ಟರು. ನಮ್ಮ ರಾಜ್ಯದಲ್ಲಿ ಇಸ್ರೋ ಸಂಸ್ಥೆಯವರು ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದರು. ಕಾಡಂಚಿನ ಸರಗೂರಿನ ರೋಗಿಯ ಇ.ಸಿ.ಜಿ.ಯನ್ನು ಬೆಂಗಳೂರಿನ ಹೃದಯತಜ್ಞರು ನೋಡುವಂತಾಯಿತು. 2008ರಿಂದ ನಾರಾಯಣ ನೇತ್ರಾಲಯದವರು ಕಿಡ್ರಾಪ್ ಎಂಬ ಯೋಜನೆಯಲ್ಲಿ, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಕಣ್ಣಿನ ಚಿತ್ರವನ್ನು ಜಿಲ್ಲೆಗಳಲ್ಲೇ ತೆಗೆದು ತಜ್ಞರಿಗೆ ಕಳಿಸುತ್ತಾ ಬಂದಿದ್ದಾರೆ. ಅಂಥ ಕೂಸಿನ ಕಣ್ಣಿನ ಹಿಂಭಾಗದ ತೊಂದರೆಯನ್ನು ಕೆಲವೇ ವಾರಗಳೊಳಗೆ ಗುರುತಿಸಿ ಚಿಕಿತ್ಸೆ ಕೊಡದಿದ್ದರೆ ಜೀವನಪರ್ಯಂತ ಕುರುಡು. ಒಂದು ಚಿತ್ರ ಸಮಯಕ್ಕೆ ತಲುಪುವುದೆಂದರೆ ಏನು ಎಂಬುದನ್ನು ಇದರಿಂದ ತಿಳಿಯಬಹುದು.

ಇತ್ತೀಚಿನದು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ರಾಜ್ಯದ ಆಯ್ದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಎದೆನೋವಿನಿಂದ ಬಂದವರ ಇ.ಸಿ.ಜಿ. ತೆಗೆದು ಜಯದೇವದಂಥ ದೊಡ್ಡ ಹೃದ್ರೋಗ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಯವರು ಹೃದಯಾಘಾತ ಎಂದು ಖಚಿತಪಡಿಸಿದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಬೆಂಗಳೂರು ಮುಟ್ಟುವ ಹೊತ್ತಿಗೆ ಹೃದಯದ ಸ್ನಾಯು ಸತ್ತುಹೋಗುತ್ತಿದ್ದ ಕಾಲ ಇತ್ತು. ಈಗ ಮೊದಲು ಕಾಗದ ಓಡುತ್ತದೆ, ಆಮೇಲೆ ರೋಗಿ. ಆದರೆ ಒಂದು ಮಾತು, ಎದೆನೋವು ಬಂದಾಗ "ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿ" ಎಂದು ಮನೆಯಲ್ಲೇ ಎರಡು ಗಂಟೆ ಕೂತರೆ ಯಾವ ಕಂಪ್ಯೂಟರೂ ಉಳಿಸಲಾರದು.

ಹೊಗಳಿಕೆ ಇಷ್ಟು ಸಾಕು, ತೊಂದರೆಗಳನ್ನೂ ಮುಚ್ಚಿಡಬಾರದು. "ಸರ್ವರ್ ಇಲ್ಲ, ನಾಳೆ ಬನ್ನಿ" ಎನ್ನುವ ಮಾತು ನಮ್ಮೆಲ್ಲರ ಕಿವಿಗೂ ಬಿದ್ದಿದೆ. ಅಷ್ಟು ದೊಡ್ಡ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೇ 2022ರ ನವೆಂಬರ್ 23ರಂದು ದುಷ್ಕರ್ಮಿಗಳು ನುಗ್ಗಿ ಬೀಗ ಜಡಿದರು. ದಿನಗಟ್ಟಲೆ ಅಲ್ಲಿ ಎಲ್ಲವೂ ಕಾಗದ ಪೆನ್ನಿನಲ್ಲೇ ನಡೆಯಬೇಕಾಯಿತು. ಅಂದರೆ ಕಾಗದವನ್ನು ಬಿಸಾಡುವ ಕಾಲ ಬಂದಿಲ್ಲ. ಇನ್ನೊಂದು, ಈ ದಾಖಲೆ ತುಂಬುವವರು ಯಾರು? ನಮ್ಮ ಆಶಾ ಅಕ್ಕಂದಿರು ಮನೆ ಮನೆ ತಿರುಗಿ, ರಾತ್ರಿ ಅಡುಗೆ ಮುಗಿಸಿ, ಮೊಬೈಲು ಹಿಡಿದು ಕೂರಬೇಕು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹೋರಾಟಕ್ಕೆ ಕೂತಾಗ, ಆರ್.ಸಿ.ಎಚ್. ಪೋರ್ಟಲ್ಲಿನ ತೊಂದರೆಯಿಂದ ಮಾಡಿದ ಕೆಲಸಕ್ಕೂ ಹಣ ಬರುತ್ತಿಲ್ಲ ಎನ್ನುವುದೂ ಅವರ ದೂರುಗಳಲ್ಲಿ ಒಂದಾಗಿತ್ತು. ಯಂತ್ರ ತಪ್ಪು ಮಾಡಿದರೆ ಅದರ ಹೊರೆ ಬಡವರ ತಲೆಯ ಮೇಲೆ ಬೀಳಬಾರದು. ವೈದ್ಯರೂ ಪರದೆಯನ್ನೇ ನೋಡುತ್ತಾ, ಎದುರಿಗಿರುವ ಮುಖ ನೋಡದೆ ಚೀಟಿ ಕೊಟ್ಟರೆ ಅದೂ ವೈದ್ಯವಲ್ಲ. ಅಜ್ಜಿಯ ಕೈ ಹಿಡಿದು ನಾಡಿ ನೋಡಿದರೇ ಅವಳಿಗೆ ಅರ್ಧ ವಾಸಿ.

ಭಾಷೆಯದೂ ಒಂದು ಕಷ್ಟ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷು, ಇದು ನಮ್ಮ ಸೀಮೆಯ ಸ್ಥಿತಿ. ಟ್ರಂಕಿನಲ್ಲಿದ್ದ ಆ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ನಮ್ಮ ಅತ್ತೆಯ ಮೊಮ್ಮಗಳೇ ಓದಿ ಹೇಳುತ್ತಿದ್ದಳು. ಕಾಗದದಿಂದ ಮೊಬೈಲಿಗೆ ಬಂದ ಮಾತ್ರಕ್ಕೆ ಇಂಗ್ಲಿಷು ಕನ್ನಡವಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಮರ್ಯಾದೆಯ ಪ್ರಶ್ನೆ. ಹಳ್ಳಿಯಲ್ಲಿ ಒಬ್ಬರಿಗೆ ಕ್ಷಯ ಎಂದರೆ ಅವರ ಮನೆಯ ನೀರು ಕುಡಿಯುವುದಿಲ್ಲ. ಹೆಣ್ಣುಮಗಳಿಗೆ ಮೂರ್ಛೆ ಬರುತ್ತದೆ ಎಂದು ಗೊತ್ತಾದರೆ ಕೂಡಿಬಂದ ಸಂಬಂಧ ಮುರಿಯುತ್ತದೆ. ಮನಸ್ಸಿನ ಕಾಯಿಲೆಗೆ ಔಷಧಿ ತಗೊಂಡವರನ್ನು ನೋಡುವ ನೋಟವೇ ಬೇರೆ. ಹಾಗಿರುವಾಗ ಕಾಯಿಲೆಯ ದಾಖಲೆ ಎಲ್ಲರ ಕೈಗೆ ಸಿಗುವಂತಾದರೆ ಜನ ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾರೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆ ಮಾಡಿತು. ಯೂರೋಪಿನಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶ ಇದೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಹನ್ನೆರಡೂವರೆ ಲಕ್ಷ, ಆ ಇಡೀ ದೇಶದ್ದು ಸುಮಾರು ಹದಿಮೂರು ಲಕ್ಷ. 2008ರ ಕೊನೆಯಿಂದ ಅಲ್ಲಿ ದೇಶಕ್ಕೆಲ್ಲಾ ಒಂದೇ ಆರೋಗ್ಯ ದಾಖಲೆಯ ವ್ಯವಸ್ಥೆ. ಅಲ್ಲಿನ ಒಳ್ಳೆಯ ಪದ್ಧತಿ ಏನೆಂದರೆ, ತನ್ನ ದಾಖಲೆಯನ್ನು ಯಾವ ವೈದ್ಯರು ಯಾವಾಗ ತೆರೆದು ನೋಡಿದರು ಎನ್ನುವುದನ್ನು ರೋಗಿಯೇ ನೋಡಬಹುದು. ನಮ್ಮ ಹೊಲದ ಬೇಲಿ ದಾಟಿ ಯಾರು ಬಂದರು ಎಂದು ಹೆಜ್ಜೆ ಗುರುತು ನೋಡಿ ಹೇಳುತ್ತೇವಲ್ಲ, ಹಾಗೆ. ಹೊಲ ಯಾರದೋ ಬೇಲಿಯ ಹಕ್ಕೂ ಅವರದೇ.

ನಮ್ಮ ದೇಶದಲ್ಲೂ ರೋಗಿಗೆ ಹಕ್ಕು ಇದೆ, ಕೇಳುವವರು ಕಡಿಮೆ. 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ವೈದ್ಯರು ಮೂರು ವರ್ಷ ಕಾಪಾಡಬೇಕು. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎಂದು 2016ರಲ್ಲಿ ತಿದ್ದುಪಡಿಯೂ ಆಗಿದೆ. "ಸ್ವಾಮಿ, ನಮ್ಮ ಕಾಗದದ ನಕಲು ಕೊಡಿ" ಎಂದು ಕೇಳುವುದು ಜಗಳವಲ್ಲ. ಹಾಲಿನ ಚೀಟಿ ಕೇಳುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ.

ಈಗ ನಾವು ಸಂಘದ ಮುಂದೆ ಇಡುವ ಕೋರಿಕೆ. ಇದನ್ನು ಮೊನ್ನೆ ಆಡಳಿತ ಮಂಡಳಿಯವರ ಹತ್ತಿರ ಪ್ರಸ್ತಾಪಿಸಿದಾಗ ಒಬ್ಬ ಹಿರಿಯ ನಿರ್ದೇಶಕರು, "ಹಾಲು ಅಳೆಯೋ ಸಂಘಕ್ಕೆ ಈ ಉಸಾಬರಿ ಯಾಕಪ್ಪಾ? ನಾಳೆ ಏನಾದರೂ ಹೆಚ್ಚು ಕಡಿಮೆ ಆದರೆ ಯಾರು ಜವಾಬು?" ಎಂದರು. ಅವರ ಮಾತಿನಲ್ಲಿ ಹುರುಳಿದೆ. ಆದ್ದರಿಂದ ಕೋರಿಕೆಯನ್ನೂ ಅದರ ಮಿತಿಯನ್ನೂ ಒಟ್ಟಿಗೇ ಹೇಳುತ್ತೇವೆ.

ಒಂದು, 26ನೆಯ ವರ್ಷದಿಂದ ವಾರಕ್ಕೊಂದು ಸಂಜೆ, ಹಾಲು ಹಾಕುವ ಹೊತ್ತಿಗೆ, ಸಂಘದ ಜಗಲಿಯಲ್ಲಿ ಒಂದು ಮೇಜು ಹಾಕಬೇಕು. ಓದು ಬಲ್ಲ ಇಬ್ಬರು, ಅವರಲ್ಲಿ ಒಬ್ಬರು ಕಡ್ಡಾಯವಾಗಿ ಹೆಣ್ಣುಮಗಳು, ಅಲ್ಲಿ ಕೂರಬೇಕು. ಸದಸ್ಯರು ತಮ್ಮ ಆಸ್ಪತ್ರೆ ಕಾಗದಗಳನ್ನು ತಂದರೆ ತಾರೀಖಿನ ಪ್ರಕಾರ ಜೋಡಿಸಿ ಒಂದು ಫೈಲಿಗೆ ಹಾಕಿಕೊಡಬೇಕು. ಇಷ್ಟಪಟ್ಟವರಿಗೆ ಅವರದೇ ಮೊಬೈಲಿನಲ್ಲಿ ಆಭಾ ಸಂಖ್ಯೆ ಮಾಡಿಕೊಡಬೇಕು, ಕಾಗದಗಳ ಫೋಟೋ ತೆಗೆದು ಅದೇ ಮೊಬೈಲಿನಲ್ಲಿ ಇಟ್ಟುಕೊಡಬೇಕು.

ಎರಡು, ಪ್ರತಿ ಫೈಲಿನ ಮೊದಲ ಹಾಳೆ ಕನ್ನಡದಲ್ಲಿರಬೇಕು. ಅದರಲ್ಲಿ ಐದೇ ಸಾಲು: ಹೆಸರು ಮತ್ತು ವಯಸ್ಸು, ಇರುವ ಕಾಯಿಲೆಗಳು, ಈಗ ತೆಗೆದುಕೊಳ್ಳುವ ಔಷಧಿಗಳು, ಆಗಿಬರದ ಮತ್ತು ಕೊಡಬಾರದ ಔಷಧಿಗಳು, ಅವಸರದಲ್ಲಿ ಕರೆಯಬೇಕಾದವರ ಫೋನ್ ನಂಬರು. ಇದನ್ನು ನಮ್ಮ ಹುಡುಗರು ಊಹೆಯಿಂದ ಬರೆಯಕೂಡದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೋ ಸಮುದಾಯ ಆರೋಗ್ಯಾಧಿಕಾರಿಗಳಿಗೋ ತೋರಿಸಿ, ಅವರು ಸರಿ ಎಂದ ಮೇಲೆಯೇ ಬರೆಯಬೇಕು.

ಮೂರು, ಇದು ಬಹಳ ಮುಖ್ಯ. ಸಂಘದ ಕಂಪ್ಯೂಟರಿನಲ್ಲಿ ಯಾವ ಸದಸ್ಯರ ಕಾಯಿಲೆಯೂ ಸೇರಕೂಡದು. ಫೈಲು ಸಂಘದಲ್ಲಿ ಉಳಿಯಕೂಡದು, ಅವರ ಕೈಯಲ್ಲೇ ಮನೆಗೆ ಹೋಗಬೇಕು. ಓ.ಟಿ.ಪಿ. ಬಂದರೆ ಸದಸ್ಯರೇ ನೋಡಿ ತಾವೇ ಒತ್ತಬೇಕು, ಓದಲು ಬಾರದವರು ಮನೆಯವರನ್ನು ಕರೆದುಕೊಂಡು ಬರಬೇಕು. ಮೇಜಿನಲ್ಲಿ ಕೂತವರು ಕಂಡದ್ದನ್ನು ಹಾಲಿನ ಸಾಲಿನಲ್ಲಿ ಆಡಿದರೆ ಮರುದಿನದಿಂದ ಅವರು ಆ ಮೇಜಿಗೆ ಬರಕೂಡದು. ಫೋನಿನಲ್ಲಿ ಯಾರೋ ಕರೆದು "ಆಸ್ಪತ್ರೆಯಿಂದ ಮಾತಾಡ್ತಿದೀವಿ, ನಂಬರ್ ಹೇಳಿ" ಎಂದರೆ ಫೋನು ಇಟ್ಟುಬಿಡಿ ಎನ್ನುವುದನ್ನು ಮೇಜಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಬೇಕು.

ಇದಕ್ಕೆ ಆಗುವ ಖರ್ಚು ಒಂದಷ್ಟು ಫೈಲು, ಒಂದು ಮೇಜು, ಎರಡು ಕುರ್ಚಿ. ಹಣಕ್ಕಿಂತ ಬೇಕಾಗಿರುವುದು ನಂಬಿಕೆ. ಆ ನಂಬಿಕೆ ಈ ಸಂಘದ ಹತ್ತಿರ ಇದೆ. 25 ವರ್ಷ ದಿನಕ್ಕೆ ಎರಡು ಹೊತ್ತು ಇಲ್ಲಿನ ಅಳತೆಯನ್ನು ನಂಬಿ ಹಾಲು ಸುರಿದಿದ್ದೇವೆ. ದೊಡ್ಡ ಸರ್ಕಾರ, ದೊಡ್ಡ ಕಂಪನಿ, ದೊಡ್ಡ ಆಸ್ಪತ್ರೆ ಯಂತ್ರ ಕೊಡಬಹುದು. ಮುದುಕಿಯ ಪಕ್ಕ ಕೂತು "ಅವ್ವಾ, ಇದರಲ್ಲಿ ಹೀಗೆ ಬರೆದಿದ್ದಾರೆ ನೋಡು" ಎಂದು ಓದಿ ಹೇಳುವುದನ್ನು ಊರಿನವರೇ ಮಾಡಬೇಕು.

ಈ ಕೋರಿಕೆಯನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಇಡುವುದಾಗಿ ಅಧ್ಯಕ್ಷರು ಹೇಳಿದ್ದಾರೆ. ಒಪ್ಪುವುದು ಬಿಡುವುದು ತಮಗೆ ಸೇರಿದ್ದು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಇವತ್ತು ಸಂಜೆ ಮನೆಗೆ ಹೋದ ಮೇಲೆ ಟ್ರಂಕು, ಅಟ್ಟ, ಕಪಾಟು ಎಲ್ಲಿದೆಯೋ ನೋಡಿ ಆ ಪ್ಲಾಸ್ಟಿಕ್ ಕವರನ್ನು ಕೆಳಗಿಳಿಸಿ. ಓದಲು ಬರುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊನೆಯ ಸಾಲಿನವರೆಗೂ ಓದಿಸಿ. ಅರ್ಥವಾಗದ್ದನ್ನು ಗುರುತು ಹಾಕಿಟ್ಟು ಡಾಕ್ಟರನ್ನು ಕೇಳಿ. ನಾವು ಎರಡು ವರ್ಷ ಎಂಟು ತಿಂಗಳು ಮಾಡದೆ ಹೋದ ಕೆಲಸ ಅದು.